ಮುಗೀತು ಅನ್ನಾವ್ರು ಯಾರು?

ಮಾತು ನಡೆದದ್ದು ದೇಗಾಂವದ ಕಮಲನಾರಾಯಣ ಗುಡಿಯ ಅಂಗಳದಲ್ಲಿ. ಒಬ್ಬರು ಕಂದಾಯ ಇಲಾಖೆಯಲ್ಲಿ ತಲಾಟಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಬಿ.ಸಿ.ಎ. ಮುಗಿಸಿ ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿದವಳು. ಅವಳ ಕೈಯಲ್ಲಿ ಕಂಪನಿಯವರು ಕೊಟ್ಟ ಶಬ್ದಗಳ ಪಟ್ಟಿ ಇತ್ತು.

ಮಗಳು: ಕಾಕಾ, ಈ ಪಟ್ಟಿ ಎಲ್ಲಾ ಬಾಯಿಪಾಠ ಆಗೇತಿ. ಸ್ಕೋಪ್, ರಿಕ್ವೈರ್‌ಮೆಂಟ್, ಮೈಗ್ರೇಶನ್, ಗೋ-ಲೈವ್, ಬ್ಯಾಕ್‌ಲಾಗ್, ಸ್ಪ್ರಿಂಟ್. ಯಾವುದರ ಅರ್ಥ ಕೇಳಿದ್ರೂ ಹೇಳ್ತೇನಿ. ಆದ್ರ ಮೀಟಿಂಗಿನಾಗ ಯಾರರ ಒಬ್ಬರು “ಅದು ಸ್ಕೋಪಿನಾಗ ಬರೂದಿಲ್ಲ” ಅಂದ ಕೂಡ್ಲೆ ಎಲ್ಲಾರೂ ಸುಮ್ಮನಾಗಿಬಿಡ್ತಾರ. ಯಾಕ ಸುಮ್ಮನಾದ್ರು, ಆ ಒಂದು ಮಾತಿನಿಂದ ಯಾರ ಕೆಲಸ ತಪ್ಪಿತು, ಯಾರ ತಲೀ ಮ್ಯಾಲೆ ಬಿತ್ತು ಅನ್ನೂದು ನನಗ ತಿಳಿಯೂದಿಲ್ಲ.

ಕಾಕಾ: ಆ ಶಬ್ದ ನಾ ಓದಿದಾಂವ ಅಲ್ಲವಾ. ಖರೆ, ನೀ ಹೇಳೂ ಅಂಥಾ ಕೆಲಸ ಒಂದರೊಳಗ ನಾ ಇದ್ದೆ. ನಮ್ಮ ಉತಾರ, ಅಂದ್ರ ಹೊಲದ ಪಹಣಿ, ಕಂಪ್ಯೂಟರಿಗೆ ಏರೂ ಮುಂದ ನಾ ತಲಾಟಿ. ‘ಭೂಮಿ’ ಅಂತ ಅದಕ್ಕ ಹೆಸರು. ರಾಜ್ಯದಾಗ ಆಗ ಸುಮಾರು 2 ಕೋಟಿ ಉತಾರ, 67 ಲಕ್ಷ ಖಾತೇದಾರರು, 177 ತಾಲೂಕು. ನಮ್ಮಂಥಾ ತಲಾಟಿಗಳು 9,000ದ ಆಸುಪಾಸು. ನೀ ಒಂದೊಂದು ಶಬ್ದ ತಗೀ, ಅಲ್ಲಿ ಅದು ಯಾವ ಹೊತ್ತಿನಾಗ ಬಂತು ಅಂತ ನಾ ಹೇಳ್ತೇನಿ.

ಮಗಳು: ಹಂಗಾದ್ರ ಸ್ಕೋಪಿನಿಂದಾನ ಸುರು ಮಾಡೂಣ. ಏನ್ ಮಾಡ್ತೇವಿ, ಏನ್ ಮಾಡೂದಿಲ್ಲ ಅಂತ ಕೆಲಸಕ್ಕ ಒಂದು ಹದ್ದು ಹಾಕೂದು.

ಕಾಕಾ: ಭೂಮಿಗಿಂತ ಮೊದಲ ಒಂದು ಪ್ರಯತ್ನ ಆಗಿತ್ತು, ಭಾಳ ಮಂದಿಗೆ ನೆನಪಿಲ್ಲ. 1991ರಾಗ ಕಲಬುರ್ಗಿ ಜಿಲ್ಲಾದಾಗ ಪ್ರಾಯೋಗಿಕ ಅಂತ ಭೂದಾಖಲೆ ಕಂಪ್ಯೂಟರಿಗೆ ಹಾಕಾಕ ಹಚ್ಚಿದ್ರು. 1996ರ ಹೊತ್ತಿಗೆ ಎಲ್ಲಾ ಜಿಲ್ಲಾಕ್ಕೂ ಮಂಜೂರಾತು. ಆದ್ರ ತಾಲೂಕಿನಾಗ ಕಂಪ್ಯೂಟರ್ ಇಡೂದು ಆ ಯೋಜನಾದಾಗ ಇರಲಿಲ್ಲ. ಈಗ ನೀನ ವಿಚಾರ ಮಾಡು. ಹೊಲ ಮಾರಿದ್ರ ಡೈರಿ, ಅಂದ್ರ ಹಕ್ಕು ಬದಲಾದ ದಾಖಲೆ, ಬೀಳೂದು ಎಲ್ಲಿ? ತಾಲೂಕಿನಾಗ. ಮನೀ ಯಜಮಾನ ತೀರಿಕೊಂಡ್ರ ವಾರಸಾ ಹಚ್ಚೂದು, ಸೊಸೈಟಿ ಸಾಲದ ಬೋಜಾ ಏರಿಸೂದು, ಇಳಿಸೂದು, ಎಲ್ಲಾ ಅಲ್ಲೇ, ದಿನಾ. ಕಂಪ್ಯೂಟರಿನಾಗ ಹೋದದ್ದು ಹೋದಂಗ ಉಳೀತು. ನಮ್ಮ ಕೈಬರಹದ ಪುಸ್ತಕ ಮುಂದ ಮುಂದ ನಡೀತು, ಕಂಪ್ಯೂಟರಿನ ಉತಾರ ಹಿಂದ ಉಳೀತು. ಅದನ್ನ ತಗೊಂಡು ಬ್ಯಾಂಕಿಗೆ ಹೋದ್ರ ಮ್ಯಾನೇಜರ್ ಮೂಸಿ ನೋಡತಿರಲಿಲ್ಲ.

ಮಗಳು: ಮುಂದಿನ ತಿದ್ದುಪಡಿಗೆ ನಮ್ಮಲ್ಲಿ ಮೇಂಟೆನೆನ್ಸ್ ಅಂತಾರ. ಅದು ಪ್ರಾಜೆಕ್ಟ್ ಮುಗದ ಮ್ಯಾಲೆ ಬರೂದು. ಅದಕ್ಕ ಬ್ಯಾರೆ ಟೀಮು, ಬ್ಯಾರೆ ರೊಕ್ಕ.

ಕಾಕಾ: ಉತಾರಕ್ಕ ಅದು ನಡಿಯೂದಿಲ್ಲ. ಬದಲಾಗೂದ ಅದರ ಕೆಲಸ. ಡೇಟಾ ತುಂಬಿ ಮುಗೀತು ಅಂದವರು ಅವರ ಲೆಕ್ಕದಾಗ ಸುಳ್ಳ ಹೇಳಿರಲಿಲ್ಲ. ಎಂಟ್ರಿ ಆಗಿತ್ತು, ಬಿಲ್ಲೂ ಆಗಿರಬೇಕು. ಆದ್ರ ರೈತ ಕಚೇರಿಗೆ ಯಾಕ ಬರ್ತಾನ? ಇವತ್ತಿನ ತಾರೀಖಿಗೆ ಹೊಲ ಯಾರ ಹೆಸರಿಲೆ ಐತಿ ಅನ್ನೂ ಕಾಗದಕ್ಕ. ಅದನ್ನ ಯೋಜನಾ ಬರದವರು ಕೇಳಿರಲಿಲ್ಲ.

ಮಗಳು: ಅದಕ್ಕ ರಿಕ್ವೈರ್‌ಮೆಂಟ್ ಅನ್ನೂದು. ಈಗ ನೆನಪಾತು ನೋಡ್ರಿ. 1970ರಾಗ ವಿನ್‌ಸ್ಟನ್ ರಾಯ್ಸ್ ಅಂತ ಒಬ್ಬ ಇಂಜಿನಿಯರ್ ಒಂದು ಲೇಖನ ಬರದಿದ್ದ. ಮೊದಲ ರಿಕ್ವೈರ್‌ಮೆಂಟ್, ಆಮೇಲೆ ಡಿಸೈನ್, ಆಮೇಲೆ ಕೋಡಿಂಗ್, ಟೆಸ್ಟಿಂಗ್, ಹಿಂಗ ಮೆಟ್ಟಲ ಇಳದಂಗ ಒಂದು ಚಿತ್ರ ಹಾಕಿದ್ದ. ಅದನ್ನ ಈಗ ವಾಟರ್‌ಫಾಲ್ ಅಂತ ಕಲಸ್ತಾರ. ಆ ಹೆಸರು ಆಂವ ಇಟ್ಟದ್ದಲ್ಲ. ಅಷ್ಟ ಅಲ್ಲ, ಹಿಂಗ ಒಂದ ಸಲ ಮ್ಯಾಲಿಂದ ಕೆಳಗ ಇಳಿಯೂದು ಅಪಾಯ ಅಂತ ಅದ ಲೇಖನದಾಗ ಬರದಾನ. ಸಾಧ್ಯ ಆದ್ರ ಎರಡ ಸಲ ಕಟ್ರಿ, ಮೊದಲನೇದು ಕಲಿಯಾಕ, ಎರಡನೇದು ಮಂದಿಗೆ ಕೊಡಾಕ ಅಂತ ಹೇಳಿದ್ದ. ನಮ್ಮ ಟ್ರೇನಿಂಗಿನಾಗ ಚಿತ್ರ ಅಷ್ಟ ತೋರಿಸಿದ್ರು.

ಕಾಕಾ: ಎರಡ ಸಲ ಕಟ್ಟೂದು! ಕರ್ನಾಟಕ ಮಾಡಿದ್ದೂ ಅದನ್ನ ಅಲ್ಲೇನವಾ? 1991ರದ್ದು ಕಲಿಯಾಕ ಆತು. ಎರಡನೇದು ಭೂಮಿ. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅನ್ನೂ ಅಧಿಕಾರಿ ಮುಂದ ನಿಂತಿದ್ರು, ಸಾಫ್ಟ್‌ವೇರ್ ಬರದದ್ದು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನವರು. ಈ ಸಲ ತಾಲೂಕು ಕಚೇರಿಯೊಳಗ ಕಂಪ್ಯೂಟರ್ ಬಂತು, ಡೈರಿ ಕಂಪ್ಯೂಟರಿನೊಳಗ ಬೀಳಬೇಕು ಅಂತ ಆತು. ಹದ್ದು ಹಾಕೂದರೊಳಗ ಆದ ಫರಕು ಅದು. ಉಳದದ್ದೆಲ್ಲಾ ಅದರ ಬೆನ್ನಿಗೆ ಬಂತು.

ಮಗಳು: ಹಳೇ ಪುಸ್ತಕದಾಗಿಂದ ಕಂಪ್ಯೂಟರಿಗೆ ತರೂದು, ಅದು ಮೈಗ್ರೇಶನ್. ಹಳೇ ದಾಖಲೆಗೆ ಲೆಗಸಿ ಡೇಟಾ ಅಂತೇವಿ. ನಮ್ಮಲ್ಲಿ ಒಂದು ಸ್ಕ್ರಿಪ್ಟ್ ಬರದು ಒಂದು ರಾತ್ರಿಯೊಳಗ ಓಡಸ್ತಾರ.

ಕಾಕಾ: ನಮಗ ವರ್ಷಗಟ್ಟಲೆ ಹಿಡೀತು. ಒಂದು ಉತಾರ ಹೆಂಗಿರತಿತ್ತು ಹೇಳ್ತೇನಿ, ಕೇಳು. ಮೂರನೇ ಕಾಲಮಿನಾಗ ಸರ್ವೇ ನಂಬರಿನ ಒಟ್ಟು ಕ್ಷೇತ್ರ. ಒಂಬತ್ತನೇ ಕಾಲಮಿನಾಗ ಮಾಲಕರ ಹೆಸರು, ಅವರವರ ಪಾಲಿನ ಕ್ಷೇತ್ರ. ಹತ್ತನೇದ್ರಾಗ ಅದು ಹೆಂಗ ಬಂತು, ಡೈರಿ ನಂಬರ್. ಹನ್ನೊಂದನೇದ್ರಾಗ ಬೋಜಾ. ಹನ್ನೆರಡರಾಗ ಬೆಳಿ. ಹೊಲ ಕೈ ಬದಲಾದ್ರ ನಾವು ಹಳೇ ಹೆಸರು ಅಳಸತಿರಲಿಲ್ಲ. ಅದಕ್ಕ ಕಂಸ ಹಾಕಿ, ಕೆಳಗ ಹೊಸಾ ಹೆಸರು ಬರದು, ಬಾಜೂಕ ಡೈರಿ ನಂಬರ್ ಹಾಕತಿದ್ವಿ. ಶಾಯಿ ಮಾಸಿರತಿತ್ತು, ಕಂಸ ಕಾಣತಿರಲಿಲ್ಲ. ಎಂಟ್ರಿ ಮಾಡೂ ಹುಡುಗ ಹೊರಗಿನ ಏಜೆನ್ಸಿಯಾಂವ, ಅಂವಗ ಆ ಕಂಸದ ಅರ್ಥ ಯಾರು ಹೇಳ್ಯಾರ? ಎರಡೂ ಹೆಸರು ಹೊಡದ.

ಮಗಳು: ಏನಾತು ಅದರಿಂದ?

ಕಾಕಾ: ಲೆಕ್ಕಾ ಮಾಡು. ಒಂದು ಸರ್ವೇ ನಂಬರ್ 4 ಎಕರೆ 20 ಗುಂಟೆ. ಅಣ್ಣತಮ್ಮಂದಿರು ಮೂವರು, ಒಬ್ಬೊಬ್ಬರಿಗೆ 1 ಎಕರೆ 20 ಗುಂಟೆ. ನಡುವಿನಾಂವ ತನ್ನ ಪಾಲಿನಾಗ 30 ಗುಂಟೆ ಮಾರಿದ. ತಗೊಂಡಾಂವನ ಹೆಸರು ಏರಿತು, ಮಾರಿದಾಂವನ ಪಾಲು ಇಳೀಲಿಲ್ಲ. ಒಂಬತ್ತನೇ ಕಾಲಂ ಕೂಡಿಸಿದ್ರ 5 ಎಕರೆ 10 ಗುಂಟೆ. ಮೂರನೇ ಕಾಲಮಿನಾಗ ಇನ್ನೂ 4 ಎಕರೆ 20 ಗುಂಟೆ. ಇಲ್ಲದ 30 ಗುಂಟೆ ಕಾಗದದಾಗ ಹುಟ್ಟಿತು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಹತ್ತರ ಲೆಕ್ಕ ರೂಢಿ ಇದ್ದ ಹುಡುಗರಿಗೆ ಈ ಕೂಡಿಸೂದು ಕಳಿಯೂದು ಎಷ್ಟ ತ್ರಾಸ ಆತು ಅಂತೀ!

ಮಗಳು: ಸಾಫ್ಟ್‌ವೇರ್ ಅದನ್ನ ಹಿಡೀಬೇಕಲ್ಲ? ಮೂರು ಮತ್ತ ಒಂಬತ್ತು ತಾಳೆ ಆಗದಿದ್ರ ಮುಂದ ಬಿಡಬಾರದು. ನಮ್ಮಲ್ಲಿ ಅದು ಭಾಳ ಸಣ್ಣ ಚೆಕ್.

ಕಾಕಾ: ಹಿಡದು? ತಪ್ಪು ಐತಿ ಅಂತ ಹೇಳಬಹುದು. ಯಾವುದು ಖರೆ ಅಂತ ಯಂತ್ರಕ್ಕ ಗೊತ್ತಿಲ್ಲ. ಮಾರಿದ್ದು ಹೆಚ್ಚೋ, ಒಟ್ಟು ಕ್ಷೇತ್ರನ ಕಡಿಮಿ ಬರದದ್ದೋ, ಮೋಜಣಿ ಆದಾಗ ತಪ್ಪಿದ್ದೋ? ಅದಕ್ಕ ಹಳೇ ಡೈರಿ ತಗೀಬೇಕು, ಒಮ್ಮೊಮ್ಮೆ ಹೊಲಕ್ಕ ಹೋಗಿ ಸರಪಳಿ ಹಿಡೀಬೇಕು. ಮೂರು ಮತ್ತ ಒಂಬತ್ತನೇ ಕಾಲಮಿನ ವ್ಯತ್ಯಾಸ ತಿದ್ದೂ ಕೆಲಸ ಭೂಮಿ ಬಂದು ಎಷ್ಟೋ ವರ್ಷ ಆದ ಮ್ಯಾಲೂ ನಡದ ಇತ್ತು. ರೈತರು ಇದನ್ನ ‘ಮೂರು-ಒಂಬತ್ತು’ ಅಂತ ಬಾಯಿಲೆ ಹೇಳೂವಷ್ಟು.

ಮಗಳು: ಪ್ರಿಂಟ್ ತಗದು ನೀವು ತಪಾಸ ಮಾಡಿರಲಿಲ್ಲೇನು?

ಕಾಕಾ: ಮಾಡಿದ್ವಿ. ದಫ್ತರ ಒಂದು ಬಾಜೂಕ, ಪ್ರಿಂಟ್ ಒಂದು ಬಾಜೂಕ, ಕೈಯಾಗ ಕೆಂಪು ಪೆನ್ನು. ಸಾಲ ಸಾಲ ಹಚ್ಚಿ ನೋಡಿದ್ವಿ. ಒಂದು ಅಕ್ಷರ ತಪ್ಪಿದ್ರ ಗುರುತು ಮಾಡಿ ತಿರುಗಿ ಕಳಿಸಿದ್ವಿ. ಪುಸ್ತಕದಾಗ ಹೆಂಗೈತಿ ಹಂಗ ಕಂಪ್ಯೂಟರಿನಾಗ ಬಂತು ಅಂತ ಸಹಿ ಮಾಡಿದ್ವಿ. ಆದ್ರ ಪುಸ್ತಕದಾಗಿಂದ ಖರೆ ಹೊಲಕ್ಕ ಹೊಂದತೈತೋ ಇಲ್ಲೋ ಅಂತ ಆ ಸಹಿ ಹೇಳೂದಿಲ್ಲ.

ಮಗಳು: ಕಾಕಾ, ಪಟ್ಟಿಯೊಳಗ ಎರಡು ಶಬ್ದ ಅದಾವ, ನಾ ಎರಡೂ ಒಂದ ಅಂತ ತಿಳಕೊಂಡಿದ್ದೆ. ವೆರಿಫಿಕೇಶನ್, ವ್ಯಾಲಿಡೇಶನ್. ಹೇಳಿದಂಗ ಮಾಡೇವೋ ಇಲ್ಲೋ ನೋಡೂದು ಒಂದು. ಬೇಕಾದದ್ದನ್ನ ಮಾಡೇವೋ ಇಲ್ಲೋ ನೋಡೂದು ಇನ್ನೊಂದು. ನಿಮ್ಮ ಕೆಂಪು ಪೆನ್ನು ಮೊದಲನೇದು.

ಕಾಕಾ: ಹೂಂ. ಎರಡನೇದು ಹೊಲದ ಬದುವಿನ ಮ್ಯಾಲೆ ನಿಂತು ಮಾಡೂದು. ಅದಕ್ಕ ಮೋಜಣಿದಾರರು ಬೇಕು, ವರ್ಷಗಳು ಬೇಕು. ಮೊದಲ ಎಲ್ಲಾ ಉತಾರ ಖರೆ ಮಾಡಿ ಆಮೇಲೆ ಕಂಪ್ಯೂಟರಿಗೆ ಹಾಕೂಣ ಅಂದಿದ್ರ ಇವತ್ತಿಗೂ ಭೂಮಿ ಬರತಿರಲಿಲ್ಲ. ಇದ್ದದ್ದನ್ನ ಇದ್ದಂಗ ಹಾಕಿ ಅಲ್ಲಿಂದ ಮುಂದ ಆಗೂ ಬದಲಾವಣಿ ನಮ್ಮ ಹತೋಟಿಯೊಳಗ ಇರಲಿ ಅಂತ ಮಾಡಿದ್ರು. ಅದು ಸರಿಯಾದ ನಿರ್ಧಾರ ಅಂತ ನಾ ಇವತ್ತೂ ಹೇಳ್ತೇನಿ. ಆದ್ರ ಅದರ ಭಾರ ಯಾರು ಹೊತ್ರು ಅನ್ನೂದನ್ನ ಮರೀಬಾರದು. ಇಲ್ಲದ 30 ಗುಂಟೆದ ಸಲುವಾಗಿ ಕಚೇರಿಗೆ ಓಡಾಡಿದಾಂವ ಸಾಫ್ಟ್‌ವೇರ್ ಬರದಾಂವ ಅಲ್ಲ, ತಲಾಟಿನೂ ಅಲ್ಲ.

ಮಗಳು: ಅದಕ್ಕ ಟೆಕ್ನಿಕಲ್ ಡೆಟ್ ಅಂತಾರ. 1992ರಾಗ ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನಾವ್ರು ಆ ಮಾತು ತಂದ್ರು. ಲಗೂನ ಕೊಡೂ ಸಲುವಾಗಿ ಈಗ ಅರ್ಧಾಮರ್ಧಾ ಮಾಡಿದ್ರ ಅದು ಸಾಲ ಇದ್ದಂಗ. ತಿದ್ದದ ಬಿಟ್ಟಷ್ಟ ದಿನ ಬಡ್ಡಿ ಏರತೈತಿ ಅಂತ.

ಕಾಕಾ: ಹನ್ನೊಂದನೇ ಕಾಲಮಿನ ಬೋಜಾ ಇದ್ದಂಗ. ಅಪ್ಪ ತಗದ ಸಾಲ, ಅಪ್ಪ ಹೋದ ಮ್ಯಾಲೂ ಹೊಲದ ಮ್ಯಾಲೆ ನಿಂತಿರತೈತಿ. ಮಗ ಬ್ಯಾಂಕಿಗೆ ಹೋದಾಗ ಗೊತ್ತಾಗತೈತಿ. ಆದ್ರ ಒಂದು ಫರಕು ಐತಿ. ಬೋಜಾ ಉತಾರದಾಗ ಬರದಿರತೈತಿ, ಯಾರ ಬೇಕಾದ್ರೂ ಓದಬಹುದು. ನಿಮ್ಮ ಸಾಲ ಎಲ್ಲರ ಬರದಿಡ್ತೀರೇನು?

ಮಗಳು: ಬರೀಬೇಕು. ಬರಿಯೂದಿಲ್ಲ. ಬರದ ಟೀಮು ಬಿಟ್ಟು ಹೋಗತೈತಿ, ಹೊಸದಾಗಿ ಬಂದಾವ್ರ ಕೈಯಾಗ ಸಿಗತೈತಿ.

ಕಾಕಾ: ಹಂಗಾದ್ರ ನಿಮ್ಮದು ಇನ್ನೂ ಕೆಟ್ಟ ಸಾಲ.

ಮಗಳು: ಡೆಡ್‌ಲೈನಿನ ಸುದ್ದಿ ಹೇಳ್ರಿ. ತಡಾ ಆದಾಗ ಮಂದಿ ಹೆಚ್ಚ ಹಾಕಿದ್ರೇನು? ನಮ್ಮಲ್ಲಿ ಮೊದಲ ಅದನ್ನ ಮಾಡ್ತಾರ. ಐ.ಬಿ.ಎಂ.ನಾಗ ದೊಡ್ಡ ಪ್ರಾಜೆಕ್ಟ್ ನಡಸಿದ ಫ್ರೆಡ್ ಬ್ರೂಕ್ಸ್ 1975ರಾಗ ಒಂದು ಪುಸ್ತಕ ಬರದಾರ. ತಡಾ ಆದ ಸಾಫ್ಟ್‌ವೇರ್ ಕೆಲಸಕ್ಕ ಮಂದಿ ಸೇರಿಸಿದ್ರ ಅದು ಇನ್ನೂ ತಡಾ ಆಗತೈತಿ ಅಂತ ಅದರಾಗ ಹೇಳ್ಯಾರ. ಹೊಸಬರಿಗೆ ಕಲಸೂದ ಹಳಬರಿಗೆ ಕೆಲಸ ಆಗತೈತಿ.

ಕಾಕಾ: ಎಂಟ್ರಿಗೆ ಮಂದಿ ಹಾಕಿದ್ರ ಎಂಟ್ರಿ ಲಗೂ ಆಗತೈತಿ, ಅದು ಖರೆ. ತಪಾಸ ಮಾಡೂ ತಲಾಟಿ ಒಬ್ಬನ. ಹತ್ತು ಮಂದಿ ಹೊಡದದ್ದನ್ನ ಒಬ್ಬ ನೋಡಬೇಕು. ಬ್ರೂಕ್ಸ್ ಅಂದದ್ದು ಅಲ್ಲಿ ಬಂದು ಹತ್ತಿತು. ಸಾಕು, ಅದರಾಗ ಹೇಳೂವಂಥಾದ್ದು ಇನ್ನೇನಿಲ್ಲ. ನಿನ್ನ ಪಟ್ಟಿಯೊಳಗ ಗೋ-ಲೈವ್ ಅಂತ ಇತ್ತಲ್ಲ, ಅದರ ಸುದ್ದಿ ದೊಡ್ಡದು.

ಮಗಳು: ಹೊಸಾ ಸಿಸ್ಟಮ್ ಚಾಲೂ ಆಗೂ ದಿವಸ. ಹಳೇದರಿಂದ ಹೊಸದಕ್ಕ ಹೊಳ್ಳೂದಕ್ಕ ಕಟ್‌ಓವರ್. ಎಡವಟ್ಟಾದ್ರ ಹಳೇದಕ್ಕ ತಿರುಗಿ ಹೋಗೂದು ರೋಲ್‌ಬ್ಯಾಕ್.

ಕಾಕಾ: ಭೂಮಿಯೊಳಗ ತಿರುಗಿ ಹೋಗೂ ದಾರಿ ಇಡಲಿಲ್ಲ. ಒಂದು ತಾಲೂಕಿನಾಗ ಕಂಪ್ಯೂಟರ್ ಉತಾರ ಚಾಲೂ ಆತು ಅಂದ್ರ, ಅಲ್ಲಿ ತಲಾಟಿ ಕೈಲೆ ಬರದ ಉತಾರ ನಡಿಯೂದಿಲ್ಲ ಅಂತ ಅಧಿಸೂಚನಾ. ಅವತ್ತಿನಿಂದ ನನ್ನ ಸಹಿಯ ಉತಾರಕ್ಕ ಬೆಲಿ ಇಲ್ಲ. ತಲಾಟಿಗಳಿಗೆ ಸಿಟ್ಟು ಬಂತು. ಬರೂದ ಅದು, ಅಧಿಕಾರ ಹೋತಲ್ಲ. ಆದ್ರ ಎರಡೂ ಕೂಡೇ ಇಟ್ಟಿದ್ರ ಏನ್ ಆಗತಿತ್ತು? ಒಂದ ಹೊಲಕ್ಕ ಎರಡು ಉತಾರ. ಯಾರಿಗೆ ಯಾವುದು ಬೇಕೋ ಅದನ್ನ ತರತಿದ್ರು. 1991ರ ಕೆಲಸ ಕೆಟ್ಟದ್ದೂ ಹಂಗ.

ಮಗಳು: ಇಲ್ಲಿ ನನಗ ಒಪ್ಪಿಗಿ ಇಲ್ಲ ಕಾಕಾ. 2001ರ ಫೆಬ್ರವರಿಯೊಳಗ, ಅಂದ್ರ ನೀವು ಇಲ್ಲಿ ದಫ್ತರ ತಪಾಸ ಮಾಡೂ ಕಾಲಕ್ಕ, ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೂ ಸ್ಕೀ ರಿಸಾರ್ಟಿನಾಗ 17 ಮಂದಿ ಕೂಡಿ ಅಜೈಲ್ ಪ್ರಣಾಳಿಕೆ ಬರದ್ರು. ಅದರ ಸಾರ ಏನಪಾ ಅಂದ್ರ, ಸಣ್ಣ ಸಣ್ಣ ತುಂಡು ಮಾಡಿ ಕೊಡ್ರಿ, ಬಳಸಾವ್ರು ಏನಂತಾರ ಕೇಳ್ರಿ, ಅವರು ಹೇಳಿದಂಗ ಬದಲ ಮಾಡ್ರಿ. ಎರಡು ವಾರಕ್ಕ ಒಂದು ಸ್ಪ್ರಿಂಟ್, ದಿನಾ ಮುಂಜಾನೆ ಹದಿನೈದು ನಿಮಿಷ ನಿಂತು ಮಾತಾಡೂ ಸ್ಟ್ಯಾಂಡ್‌ಅಪ್, ಎಲ್ಲಾ ಈ ಪದ್ಧತಿಯೊಳಗ ಬರೂದು. ಒಮ್ಮೆಲೆ ಕೈಬರಹ ಬಂದ್ ಅಂದ್ರ ಜನಾ ಏನ್ ಮಾಡಬೇಕು?

ಕಾಕಾ: ಅರ್ಧಾ ಉತಾರ ಕೊಡಾಕ ಬರತೈತೇನು? ಈ ವಾರ ಹೆಸರು ಕೊಡ್ತೇವಿ, ಮುಂದಿನ ಸ್ಪ್ರಿಂಟಿನಾಗ ಕ್ಷೇತ್ರ ಕೊಡ್ತೇವಿ ಅನ್ನಾಕ ಬರೂದಿಲ್ಲ. ಅದನ್ನ ತಗೊಂಡು ಕೋರ್ಟಿಗೆ ಹೋಗ್ತಾರ ಮಂದಿ.

ಮಗಳು: ಉತಾರ ತುಂಡು ಮಾಡಬ್ಯಾಡ್ರಿ, ತಾಲೂಕು ತುಂಡು ಮಾಡ್ರಿ. ನೀವ ಹೇಳಿದ್ರಿ, ಒಂದು ತಾಲೂಕಿನಾಗ ಚಾಲೂ ಆದ ಮ್ಯಾಲೆ ಅಧಿಸೂಚನಾ ಅಂತ. 177 ತಾಲೂಕು ಒಂದ ದಿವಸ ಚಾಲೂ ಮಾಡಿಲ್ಲಲ್ಲ? ಮೊದಲ ಕೆಲವು ತಾಲೂಕಿನಾಗ ಪೈಲಟ್ ಮಾಡಿ, ಅಲ್ಲಿ ಕಂಡದ್ದನ್ನ ತಿದ್ದಿ, ಆಮೇಲೆ ಉಳದ ಕಡೆ ರೋಲ್‌ಔಟ್ ಮಾಡ್ಯಾರ. ಅದೂ ತುಂಡ ತುಂಡ ಕೊಟ್ಟಂಗ ಆತು.

ಕಾಕಾ: ಅದು ಖರೆ. ಹಂಗ ನೋಡಿದ್ರ ನಿನ್ನ ಮಾತು ಬರೋಬ್ಬರಿ. ಆದ್ರ ಒಂದು ತಾಲೂಕಿನೊಳಗ ಹೊಳ್ಳಿದ ಮ್ಯಾಲೆ ಪೂರಾ ಹೊಳ್ಳಬೇಕು. ಆ ಮಾತು ನಾ ಬಿಡೂದಿಲ್ಲ.

ಮಗಳು: ಬಿಡಬ್ಯಾಡ್ರಿ. ಈಗ ಬ್ಯಾಕ್‌ಲಾಗ್. ಮಾಡಬೇಕಾದ ಕೆಲಸದ ಸಾಲು. ಮೊದಲ ಯಾವುದು ಮಾಡೂದು ಅಂತ ನಮ್ಮಲ್ಲಿ ಪ್ರಾಡಕ್ಟ್ ಓನರ್ ಹೇಳ್ತಾರ.

ಕಾಕಾ: ನಮ್ಮಲ್ಲಿ ಆ ಸಾಲು ದಫ್ತರದಾಗ ಇರತಿತ್ತು. ಯಾರ ಅರ್ಜಿ ಮ್ಯಾಲೆ, ಯಾರದು ಕೆಳಗ ಅಂತ ಹೊರಗಿನಾವ್ರಿಗೆ ತಿಳೀತಿರಲಿಲ್ಲ. ಪೈಪೋಟಿ ಇದ್ದದ್ದು ಅಲ್ಲೇ, ರೊಕ್ಕ ಓಡಾಡಿದ್ದೂ ಅಲ್ಲೇ. ಭೂಮಿ ಬಂದ ಮ್ಯಾಲೆ ಅರ್ಜಿ ಹಾಕಿದ ಕೂಡ್ಲೆ ನಂಬರ್. ಮೊದಲ ಬಂದದ್ದು ಮೊದಲ. ಹಿಂದಿನದನ್ನ ಜಿಗದು ಮುಂದಿನದನ್ನ ಮಾಡಾಕ ಸಾಫ್ಟ್‌ವೇರ್ ಬಿಡೂದಿಲ್ಲ. ನೋಟೀಸು ಕೊಟ್ಟು, ಆಗ ತಕರಾರಿಗೆ 30 ದಿವಸ ಬಿಟ್ಟು, ತಕರಾರು ಇಲ್ದಿದ್ರ ಮಂಜೂರ ಮಾಡಬೇಕಾಗಿತ್ತು. ಮತ್ತ ಒಂದು, ಡೈರಿ ಮಾಡೂ ಅಧಿಕಾರಿ ಬೆರಳ ಒತ್ತಿ ಒಳಗ ಹೋಗಬೇಕು. ನಾ ಮಾಡಿಲ್ಲ, ನನ್ನ ಪಾಸ್‌ವರ್ಡ್ ಯಾರೋ ಕದ್ರು ಅನ್ನಾಕ ಬರೂದಿಲ್ಲ.

ಮಗಳು: ಯಾರು, ಯಾವಾಗ, ಏನ್ ಬದಲ ಮಾಡಿದ್ರು ಅನ್ನೂದು ಉಳಿಯೂದು ಆಡಿಟ್ ಟ್ರೇಲ್.

ಕಾಕಾ: ಈ ಗುಡಿ ನೋಡು. ಹನ್ನೆರಡನೇ ಶತಮಾನದ್ದು, ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ರಾಣಿ ಹೆಸರು ಉಳಿಯೂದು ಆಶ್ಚರ್ಯ ಅಲ್ಲ. ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಉಳದೈತಿ. ಕೆಲಸ ಮಾಡಿದಾಂವನ ಹೆಸರು ಕೆಲಸದ ಜೋಡಿ ಇರಬೇಕು. ಡೈರಿಯೊಳಗ ಬೆರಳಿನ ಗುರುತು ಬಂದಾಗ ಭಾಳ ಮಂದಿ ಅಧಿಕಾರಿಗಳು ಅಂಜಿದ್ರು. ನನಗ ಅನಿಸಿದ್ದು ಬ್ಯಾರೆ. ಚೊಲೊ ಮಾಡಿದಾಂವಗೂ ಅದು ಸಾಕ್ಷಿ ಅಂತ.

ಮಗಳು: ರೈತರ ಕಡಿಂದ ನೋಡಿದ್ರ? ಅವರಿಗೆ ಯಾವುದು ಎದ್ದು ಕಂಡಿತು?

ಕಾಕಾ: ಕಿಟಕಿ ಹತ್ತರ ಇಟ್ಟ ಎರಡನೇ ಪರದೆ. ಒಳಗ ಕುಂತಾಂವಗ ಒಂದು ಪರದೆ, ಹೊರಗ ನಿಂತಾಂವನ ಕಡೆ ಮಾರಿ ಮಾಡಿ ಇನ್ನೊಂದು. 15 ರೂಪಾಯಿ ಕೊಟ್ಟು, ಸರ್ವೇ ನಂಬರ್ ಹೇಳಿ, ತನ್ನ ಹೆಸರು ಕನ್ನಡದಾಗ ಬರೂದನ್ನ ತಾನ ನೋಡೂದು. ಓದಾಕ ಬಾರದಾಂವ ಮಗನ್ನೋ ಮೊಮ್ಮಗನ್ನೋ ಕರಕೊಂಡು ಬರತಿದ್ದ. ಹುಡುಗ ಬೆರಳ ಮಾಡಿ, ಅಜ್ಜನ ಹೆಸರಿನಾಗ ಒತ್ತಕ್ಷರ ತಪ್ಪೈತಿ ಅಂತ ಅಲ್ಲೇ ಹೇಳತಿತ್ತು. ನಾ ಅಷ್ಟ ವರ್ಷ ಬರದ ಪುಸ್ತಕ ಯಾರೂ ಹಂಗ ಓದಿರಲಿಲ್ಲ, ನಾವೂ ಓದಾಕ ಕೊಟ್ಟಿರಲಿಲ್ಲ. ಬಗ್ ಅಂತೀರಲ್ಲ, ಅದನ್ನ ಹಿಡಿಯಾಕ ಹೊಲದ ಮಾಲಕನಷ್ಟು ಚೊಲೊ ಯಾರೂ ಇಲ್ಲ. ಅವಗ ತೋರಿಸಬೇಕು, ಅಷ್ಟ.

ಮಗಳು: ಎಲ್ಲಾ ಚೊಲೋನ ಆತು ಅಂತೀರೇನು ಹಂಗಾದ್ರ? 2007ರಾಗ ಸೊಲೊಮನ್ ಬೆಂಜಮಿನ್ ಮತ್ತ ಅವರ ಜೊತೀಗಿನ ಸಂಶೋಧಕರು ಭೂಮಿಯ ಮ್ಯಾಲೆ ಅಧ್ಯಯನ ಮಾಡಿ ಬರದಾರ. ದಾಖಲೆ ಊರಿನಿಂದ ಮ್ಯಾಲಿನ ಕಚೇರಿಗೆ ಹೋದ್ದರಿಂದ ಬೆಂಗಳೂರಿನ ಸುತ್ತಮುತ್ತ ಜಮೀನು ತಗೊಳ್ಳೂ ದೊಡ್ಡ ಮಂದಿಗೇ ಅನುಕೂಲ ಆತು, ಸಣ್ಣ ರೈತರಿಗೆ ಅಲ್ಲ ಅಂತ ಅವರ ವಾದ.

ಕಾಕಾ: ಬೆಂಗಳೂರಿನ ಮಾತು ನಾ ಕಂಡಿಲ್ಲ. ಆದ್ರ ಊರಿನಿಂದ ಮ್ಯಾಲೆ ಹೋತು ಅನ್ನೂದು ಖರೆ. ತಲಾಟಿ ಊರಾಗ ಬರತಿದ್ದ. ಚಾವಡಿಯೊಳಗ ಕುಂತು ಬರೀತಿದ್ದ. ಅವನ ಕೂಡ ಜಗಳ ಮಾಡಬಹುದಿತ್ತು, ಬೈಬಹುದಿತ್ತು, ನಾಕ ಮಂದಿ ಹಿರೇರು ಸೇರಿ ಕೇಳಬಹುದಿತ್ತು. ಆಗ ದೇಗಾಂವಿಗೆ ತಾಲೂಕು ಅಂದ್ರ ಬೈಲಹೊಂಗಲ. ಕಿತ್ತೂರ ತಾಲೂಕು ಆದದ್ದು ಆಮೇಲೆ. ಹೊಲ ಇಲ್ಲಿ, ಉತಾರ ಅಲ್ಲಿ, ಒಂದು ದಿವಸದ ಕೂಲಿ ಹೋತು. ಸೌದತ್ತಿ, ರಾಮದುರ್ಗದ ಕಡೇ ಹಳ್ಳಿಗಳಿಗೆ ತಾಲೂಕು ಇನ್ನೂ ದೂರ. ಲಂಚ ಕೊಡೂ ಜಾಗ ಬದಲಾತು ಅಂತ ಹೇಳಾವ್ರೂ ಇದ್ರು. ನಿನ್ನ ಪಟ್ಟಿಯೊಳಗ ಅದಕ್ಕೊಂದು ಶಬ್ದ ಐತೇನು?

ಮಗಳು: ಸ್ಟೇಕ್‌ಹೋಲ್ಡರ್. ಕೆಲಸದ ಲಾಭ-ಲುಕ್ಸಾನು ತಟ್ಟೂ ಎಲ್ಲಾ ಮಂದಿ. ನಮ್ಮಲ್ಲಿ ರೊಕ್ಕ ಕೊಡೂ ಕ್ಲೈಂಟಿಗೇ ಆ ಶಬ್ದ ಬಳಸ್ತೇವಿ. ಹಂಗ ಬಳಸೂದು ತಪ್ಪು ಅಂತ ಈಗ ತಿಳೀತು. ಕೂಲಿ ಬಿಟ್ಟು ಬೈಲಹೊಂಗಲಕ್ಕ ಹೋಗತಿದ್ದ ಹೆಣ್ಣುಮಗಳೂ ಅದರಾಗ ಬರಬೇಕು.

ಕಾಕಾ: ಆಕಿನ ಮೊದಲ ಬರಬೇಕು. ಗಂಡ ಹೋದ ಮ್ಯಾಲೆ ವಾರಸಾ ಹಚ್ಚಿಸಾಕ ಬರಾಕಿ ಆಕಿ. ಹೆಸರು ಏರಲಿಲ್ಲ ಅಂದ್ರ ಬೆಳಿ ಸಾಲ ಇಲ್ಲ, ಬೆಳಿ ವಿಮಾ ಇಲ್ಲ, ಪರಿಹಾರ ಇಲ್ಲ. ಮುಂದ ನೋಂದಣಿಯ ‘ಕಾವೇರಿ’, ಮೋಜಣಿಯ ‘ಮೋಜಿಣಿ’ ಎರಡೂ ಭೂಮಿಗೆ ಜೋಡಾದ್ವು. ಅದರಿಂದ ಮಾರಾಟದ ಡೈರಿ ಲಗೂ ಆತು. ಮನೀ ಒಳಗಿನ ವಾರಸಾಕ್ಕ ಆಗೂ ಯಾರರ ಒಬ್ಬರು ಎದ್ದು ಹೋಗಿ ಅರ್ಜಿ ಕೊಡಬೇಕಾಗತಿತ್ತು.

ಮಗಳು: ಅಜ್ಜನ ಹೊಲದ್ದು ನಮ್ಮದೂ ಹಂಗ ಉಳದೈತಲ್ಲ ಕಾಕಾ?

ಕಾಕಾ: ಅತ್ತಿಗಳ ಹೆಸರೂ ಸೇರಿಸಿ ಅರ್ಜಿ ಕೊಡೂದು ಐತಿ. ದಾಖಲಾತಿ ಕೂಡಸಾಕತ್ತೇನಿ. ಅದರ ಮಾತು ಮನ್ಯಾಗ ಎಲ್ಲಾರೂ ಇದ್ದಾಗ ಆಡೂಣ. ನಿನ್ನ ಕೆಲಸ ಯಾವುದು, ಅದನ್ನ ಹೇಳಿಲ್ಲ ನೀ.

ಮಗಳು: ಕಬ್ಬಿನ ತೂಕದ್ದು. ಒಂದು ಸಕ್ಕರಿ ಕಾರ್ಖಾನಿಗೆ ನಾವು ಸಾಫ್ಟ್‌ವೇರ್ ಮಾಡಾಕತ್ತೇವಿ. ತುಂಬಿದ ಗಾಡಿ ತೂಕಕ್ಕ ನಿಲ್ಲತೈತಿ, ಕಬ್ಬು ಇಳಿಸಿ ರಿಕಾಮಿ ಗಾಡಿ ಮತ್ತ ನಿಲ್ಲತೈತಿ. ಎರಡರ ನಡುವಿನ ಫರಕು ರೈತನ ಮೊಬೈಲಿಗೆ ಮೆಸೇಜ್ ಹೋಗಬೇಕು. ನಾ ಆ ಮೆಸೇಜಿನ ಟೆಸ್ಟರ್. ನನಗ ಕೊಟ್ಟ ಕೆಲಸದ ಚೀಟಿ, ಅಂದ್ರ ಟಿಕೆಟಿನಾಗ, ಬರದದ್ದು ಏನಪಾ ಅಂದ್ರ, ಮೆಸೇಜ್ ಕಳಿಸಿತು ಅಂದ್ರ ಕೆಲಸ ಮುಗೀತು ಅಂತ. ಇದಕ್ಕ ಡೆಫಿನಿಶನ್ ಆಫ್ ಡನ್ ಅಂತಾರ.

ಕಾಕಾ: ಕಳಿಸಿತು ಅಂದ್ರ ಮುಟ್ಟಿತು ಅಂತ ಆತೇನು? ಯಾರ ಮೊಬೈಲಿಗೆ? ಕಬ್ಬು ನೋಂದಣಿ ಅಣ್ಣನ ಹೆಸರಿಲೆ ಇರತೈತಿ, ಕಡದದ್ದು ತಮ್ಮನ ಪಟ್ಟಿಯೊಳಗಿಂದು. ಮೆಸೇಜ್ ಅಣ್ಣಗ ಹೋತು. ತಮ್ಮಗ ಎಷ್ಟ ಟನ್ ಆತು ಅಂತ ಹೆಂಗ ತಿಳೀಬೇಕು?

ಮಗಳು: ಅದು ಟಿಕೆಟಿನಾಗ ಇಲ್ಲ.

ಕಾಕಾ: ಬರೀ. ಬರೇ ಫರಕು ಕಳಿಸಿದ್ರ ರೈತ ಏನ್ ತಾಳೆ ನೋಡತಾನ? ತುಂಬಿದ ಗಾಡಿ ತೂಕ ಎಷ್ಟು, ರಿಕಾಮಿ ಗಾಡಿ ತೂಕ ಎಷ್ಟು, ರವದಿ ಅಂತ ಮುರದದ್ದು ಎಷ್ಟು, ಉಳದದ್ದು ಎಷ್ಟು. ನಾಕೂ ಕನ್ನಡದಾಗ ಬರಬೇಕು. ಗಾಡಿ ನಂಬರ್, ತಾಸು, ನಿಮಿಷ ಬರಬೇಕು. ಗಾಡಿ ಇನ್ನೂ ಕಾರ್ಖಾನಿ ಗೇಟಿನೊಳಗ ಇದ್ದಾಗ ಮುಟ್ಟಬೇಕು. ಹೊರಗ ಬಿದ್ದ ಮ್ಯಾಲೆ ತಕರಾರು ಮಾಡಿದ್ರ ಯಾರು ತಿರುಗಿ ತೂಕ ಮಾಡ್ತಾರ?

ಮಗಳು: ಇದನ್ನೆಲ್ಲಾ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಅಂತ ಹಾಕ್ತೇನಿ. ಸ್ಕೋಪಿನಾಗ ಇಲ್ಲ ಅಂತಾರ, ನೋಡ್ರಿ.

ಕಾಕಾ: ಅನ್ನಲಿ. ಅಂದಾವ್ರ ಹೆಸರು ತಾರೀಖು ಹಾಕಿ ಅದನ್ನೂ ಬರದಿಡು. 1991ರಾಗ ತಾಲೂಕಿನ ಕಂಪ್ಯೂಟರ್ ಬ್ಯಾಡ ಅಂದಾವ್ರು ಯಾರು ಅಂತ ಇವತ್ತು ಹೇಳಾಕ ಬರೂದಿಲ್ಲ.

ಮಗಳು: ಮೆಸೇಜ್ ಮುಟ್ಟಲಿಲ್ಲ ಅಂದ್ರ? ಫೋನ್ ಬಂದ್ ಇತ್ತು, ನಂಬರ್ ಬದಲಾಗಿತ್ತು?

ಕಾಕಾ: ಚೀಟಿ ಕೊಡಬೇಕು. ತೂಕದ ಕಟ್ಟಿ ಹತ್ತರಾನ ಪ್ರಿಂಟ್ ಆಗಿ ಗಾಡಿಯಾವನ ಕೈಯಾಗ ಬರಬೇಕು. ಚೀಟಿಯೊಳಗ ಒಂದು ಸಾಲು ಇರಬೇಕು, ತಕರಾರಿದ್ರ ಯಾರಿಗೆ ಹೇಳೂದು, ಎಷ್ಟ ದಿನದಾಗ ಹೇಳೂದು ಅಂತ.

ಮಗಳು: ಯಾರ ಹೆಸರು ಬರೀಲಿ ಅಲ್ಲಿ?

ಕಾಕಾ: ಸೋಮವಾರ ಮೀಟಿಂಗಿನಾಗ ಕೇಳು. ಹೆಸರು ಸಿಗೂತನಾ ಆ ಟಿಕೆಟ್ ಮುಚ್ಚಬ್ಯಾಡ.